ಅಂಗಳದಲ್ಲಿ ಅರ್ಧ ಅಳತೆಯ ಮಿಸ್ಟೇರ್ ಯುದ್ಧವಿಮಾನ: ಚೌಕಟ್ಟು, ತಗಡು, ಕೊಡಗಿನ ಮಳೆ

ಕಣದಮನೆ, ಸೋಮವಾರಪೇಟೆ

ಭಾರತೀಯ ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹಾರಿಸಿಕೊಂಡು ಹೋದ ಡಸಾಲ್ಟ್ ಮಿಸ್ಟೇರ್ 4ಎ ವಿಮಾನದ ಪ್ರತಿಕೃತಿಯನ್ನು ಮನೆ ಅಂಗಳದಲ್ಲಿ ನಿಲ್ಲಿಸಬೇಕು. ಹಾರುವುದಲ್ಲ, ನಿಲ್ಲುವುದಷ್ಟೇ. ಎಂಜಿನ್ ಇಲ್ಲ, ಒಳಗೆ ಕೂರುವುದೂ ಇಲ್ಲ. ಇರುವುದು: 15 × 10 ಮೀಟರಿನ ಸಿಮೆಂಟಿನ ಕಾಫಿ ಕಣ, 9 × 4 ಮೀಟರಿನ ತಗಡಿನ ಶೆಡ್, ಒಂದು ಇನ್ವರ್ಟರ್ ವೆಲ್ಡಿಂಗ್ ಮಷೀನ್, ಕೈ ಗ್ರೈಂಡರ್. ಚೌಕಟ್ಟಿಗೆ ಸಿಲ್ವರ್ ಓಕ್ ಮರ, ಹೊದಿಕೆಗೆ ಪ್ಲೈವುಡ್ ಎಂದುಕೊಂಡಿದ್ದೇನೆ. ಪೂರ್ತಿ ಅಳತೆಯಲ್ಲೇ ಮಾಡಬಹುದೇ?

ಹಳೇರೆಕ್ಕೆ

ಮೊದಲು ಅಳತೆ. ಮಿಸ್ಟೇರ್ 4ಎ ಉದ್ದ 12.89 ಮೀ. (ಕೆಲವು ಕಡೆ 12.85 ಎಂದೂ ಅಚ್ಚಾಗಿದೆ), ರೆಕ್ಕೆಯ ಅಗಲ 11.12 ಮೀ., ಎತ್ತರ 4.60 ಮೀ., ರೆಕ್ಕೆಯ ವಿಸ್ತೀರ್ಣ 32 ಚದರ ಮೀ. ಪೂರ್ತಿ ಅಳತೆಯಲ್ಲಿ ಮಾಡಿದರೆ ಬಾಲದ ತುದಿ ಹೆಂಚಿನ ಮನೆಯ ಸೂರಿಗಿಂತ ಮೇಲೆ ಹೋಗುತ್ತದೆ, ಶೆಡ್ಡಿನೊಳಗೆ ಯಾವ ತುಂಡೂ ತಿರುಗುವುದಿಲ್ಲ. ಅರ್ಧ ಮಾಡಿ: ಉದ್ದ 6.44, ಅಗಲ 5.56, ಎತ್ತರ 2.30, ರೆಕ್ಕೆ 8 ಚದರ ಮೀ. ಅಳತೆ ಅರ್ಧವಾದರೆ ತಗಡು, ಬಣ್ಣ, ಗಾಳಿ ತಳ್ಳುವ ಒಟ್ಟು ಬಲ ಮೂರೂ ಕಾಲು ಭಾಗಕ್ಕೆ ಇಳಿಯುತ್ತವೆ.

ಮರದ ಯೋಚನೆ ಬಿಡಿ. ಸಿಲ್ವರ್ ಓಕ್ ಸೂರಿನ ಕೆಳಗೆ ಬಾಳುವ ಮರ, ಬಯಲಲ್ಲಿ ಬಾಳುವುದಲ್ಲ. ಪ್ಲೈವುಡ್ ಬಿಡಬ್ಲ್ಯುಪಿ (ಕುದಿಯುವ ನೀರಿಗೂ ತಡೆಯುವ) ದರ್ಜೆಯದ್ದೇ ತಂದರೂ ಕತ್ತರಿಸಿದ ಅಂಚಿನಿಂದ ನೀರು ಎಳೆದುಕೊಳ್ಳುತ್ತದೆ, ಆಮೇಲೆ ಗೆದ್ದಲು. ಕಬ್ಬಿಣದ ಚೌಕಟ್ಟು, ಅಲ್ಯೂಮಿನಿಯಂ ತಗಡು, ಎರಡೂ ದಿಕ್ಕಿಗೆ ಬಾಗುವ ಜಾಗಕ್ಕೆ ಫೈಬರ್ (ರೆಸಿನ್ನಿನಲ್ಲಿ ಅದ್ದಿದ ಗಾಜಿನ ನಾರು): ನಮ್ಮ ಮಳೆಗೆ ಈ ಮೂರೇ.

ಕಣದಮನೆ

ಅರ್ಧ ಅಳತೆಗೆ ಒಪ್ಪಿದೆ. ಕೈಯಲ್ಲಿರುವುದು ಮೂರು ನೋಟದ ಒಂದು ನಕ್ಷೆ, A4 ಹಾಳೆಯಷ್ಟು. ಅದನ್ನು 6.44 ಮೀಟರಿಗೆ ಹಿಗ್ಗಿಸುವುದು ಹೇಗೆ?

ಹಳೇರೆಕ್ಕೆ

ಆ ಹಾಳೆಯನ್ನು ಜೆರಾಕ್ಸಿನಲ್ಲಿ ಹಿಗ್ಗಿಸಲು ಹೋಗಬೇಡಿ. A4ನಲ್ಲಿ ಗೆರೆಯ ದಪ್ಪವೇ ಅರ್ಧ ಮಿಲಿಮೀಟರ್ ಇರುತ್ತದೆ, ಅದು ಕಣದ ಮೇಲೆ ಹನ್ನೆರಡು ಮಿಲಿಮೀಟರ್ ಆಗುತ್ತದೆ. ನಿಮ್ಮಲ್ಲಿ ಬೆಂಗಳೂರಿನವರಿಗೂ ಸಿಗದ ಒಂದು ಸೌಕರ್ಯ ಇದೆ, ಕಣ. ವಿಮಾನವನ್ನು ಅದರ ಮೇಲೆಯೇ ನಿಜ ಅಳತೆಗೆ ಬರೆಯಿರಿ.

ಕಣದ ಉದ್ದಕ್ಕೆ ದಾರ ಎಳೆದು ನಡುಗೆರೆ ಹಾಕಿ. ಮೂತಿಯಿಂದ ಬಾಲದವರೆಗೆ 40 ಸೆಂ.ಮೀ.ಗೊಂದು ಅಡ್ಡಗೆರೆ, ಒಟ್ಟು 17. ನಕ್ಷೆಯಲ್ಲಿ ಆ 17 ಜಾಗಗಳ ಎತ್ತರ, ಅಗಲ ಅಳೆದು ಪಟ್ಟಿ ಮಾಡಿ ಕಣದ ಮೇಲೆ ಚುಕ್ಕಿ ಇಡಿ. ಈಗ ಉದ್ದನೆಯ ಅಡಿಕೆ ದಬ್ಬೆಯನ್ನು ಸಪೂರಕ್ಕೆ ಸೀಳಿ, ಚುಕ್ಕಿಗಳ ಮೇಲೆ ಹಾಯುವ ಹಾಗೆ ಮಲಗಿಸಿ, ಇಟ್ಟಿಗೆ ಒತ್ತಿಟ್ಟು ಹಿಡಿಯಿರಿ. ಹದಿನೇಳರಲ್ಲಿ ಎರಡು ಮೂರು ಚುಕ್ಕಿ ದಬ್ಬೆಯ ಹೊರಗೋ ಒಳಗೋ ಬೀಳುತ್ತವೆ. ಅವು ತಪ್ಪು ಚುಕ್ಕಿಗಳು, ದಬ್ಬೆ ಹೇಳುವುದೇ ಸರಿ. ತಲೆಯನ್ನು ನೆಲಕ್ಕೆ ತಾಗಿಸಿ ಒಂದು ಕಣ್ಣು ಮುಚ್ಚಿ ದಬ್ಬೆಯ ಉದ್ದಕ್ಕೆ ನೋಡಿ. ಉಬ್ಬು ತಗ್ಗು ತಕ್ಷಣ ಕಾಣುತ್ತದೆ. ಮೇಲಿನಿಂದ ನಿಂತು ನೋಡಿದರೆ ಏನೂ ಕಾಣದು.

ಗೆರೆಗೆ ಸೀಮೆಸುಣ್ಣ ಮಾತ್ರ. ಎನಾಮಲ್ ಬಣ್ಣ ಹಾಕಿದರೆ ಮುಂದಿನ ಹಂಗಾಮಿಗೆ ಕಣದಲ್ಲಿ ಒಣಗುವ ಪಾರ್ಚ್‌ಮೆಂಟ್ (ತಿರುಳು ತೆಗೆದ) ಕಾಫಿಗೆ ವಾಸನೆ ಹಿಡಿಯುತ್ತದೆ.

ಎರಡು ತಪ್ಪುಗಳು ಎಲ್ಲರೂ ಮಾಡುವಂಥವು. ಒಂದು, ಹಿಂದಕ್ಕೆ ಬಾಗಿದ ರೆಕ್ಕೆಯ ಕೋನ. ಮಿಸ್ಟೇರ್ 4ರದ್ದು 38 ಡಿಗ್ರಿ ಎಂದು ಕೊಡುವುದು ರೆಕ್ಕೆಯ ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ ಇರುವ ದೂರದ ಕಾಲು ಭಾಗದ ಗೆರೆಗೆ, ಮುಂದಿನ ಅಂಚಿಗಲ್ಲ. ರೆಕ್ಕೆ ತುದಿಗೆ ಹೋಗುತ್ತ ಕಿರಿದಾಗುವುದರಿಂದ ಮುಂದಿನ ಅಂಚು ಇನ್ನೂ ಹೆಚ್ಚು ಬಾಗಿರುತ್ತದೆ. 38ನ್ನು ಅಂಚಿಗೇ ಹಾಕಿದರೆ ನೋಡಿದವರಿಗೆ ಏನೋ ತಪ್ಪಿದೆ ಅನಿಸುತ್ತದೆ, ಏನೆಂದು ಹೇಳಲಾಗುವುದಿಲ್ಲ. ಎರಡು, ಉಂಗುರದ ಅಳತೆಯಲ್ಲಿ ತಗಡಿನ ದಪ್ಪ, ಉದ್ದನೆಯ ಕೊಳವೆಯ ದಪ್ಪ ಕಳೆಯಲು ಮರೆಯುವುದು. ಹಾಗೆ ಬಿಟ್ಟರೆ ವಿಮಾನ ಸುತ್ತಲೂ ಒಂದೊಂದು ಇಂಚು ದಪ್ಪವಾಗಿ ಎಮ್ಮೆಯಂತೆ ಕಾಣುತ್ತದೆ.

ನಿಜವಾದ ಮಿಸ್ಟೇರ್ ದೆಹಲಿಯ ಪಾಲಂನಲ್ಲಿರುವ ವಾಯುಪಡೆ ಸಂಗ್ರಹಾಲಯದಲ್ಲಿದೆ. ಅಲ್ಲಿ ಯಾರಾದರೂ ಫೋಟೊ ತೆಗೆದುಕೊಟ್ಟರೆ ದೂರ ನಿಂತು ಜೂಮ್ ಮಾಡಿ ತೆಗೆಯಲು ಹೇಳಿ. ಹತ್ತಿರದಿಂದ ಮೊಬೈಲಿನಲ್ಲಿ ತೆಗೆದರೆ ಮೂತಿ ಊದಿಕೊಂಡು ಬರುತ್ತದೆ, ಅದರಿಂದ ಅಳತೆ ತೆಗೆಯುವಂತಿಲ್ಲ.

ಕುಶಾಲನಗರ ವೆಲ್ಡರ್

ಚೌಕಟ್ಟಿನ ವಿಷಯ ನಾನು ಹೇಳ್ತೀನಿ ಅಣ್ಣ.

ಉದ್ದಕ್ಕೆ ನಾಲ್ಕು ಕೊಳವೆ, 25 × 25 × 2 ಮಿ.ಮೀ. ಚೌಕ ಪೈಪು. 6 ಮೀಟರಿನ ಲೆಂಗ್ತ್ ಐದು ತಗೊಳ್ಳಿ, ಒಂದೊಂದು ಎಂಟೂವರೆ ಕೆಜಿ ಬರುತ್ತೆ. ಉಂಗುರಕ್ಕೆ ಪೈಪು ಬೇಡ, ಬಗ್ಗಿಸೋಕೆ ಹೋದರೆ ಚಪ್ಪಟೆ ಆಗುತ್ತೆ. 25 × 3 ಪಟ್ಟಿ ತಗೊಂಡು ಗ್ರಿಲ್ ಕೆಲಸದವರ ಹತ್ತಿರ ರೋಲ್ ಮಾಡಿಸಿ. 17 ಉಂಗುರಕ್ಕೆ 32–34 ಮೀಟರ್, ಅಂದರೆ 20 ಕೆಜಿ ಪಟ್ಟಿ. ರೋಲ್ ಆಗಿ ಬಂದದ್ದನ್ನು ಕಣದ ಮೇಲಿನ ಗೆರೆಗೆ ಇಟ್ಟು ನೋಡಿ, ಸುತ್ತಿಗೆಯಲ್ಲಿ ಸರಿ ಮಾಡಿ, ನಂಬರ್ ಹಾಕಿ.

ಕಣ ಸಮ ಇದೆ ಅಂತ ನಂಬಬೇಡಿ. ನೀರು ಹೋಗಲಿ ಅಂತ ಇಳಿಜಾರು ಕೊಟ್ಟೇ ಕಟ್ಟಿರ್ತಾರೆ. ಬರೆಯೋದು ಕಣದ ಮೇಲೆ, ಜೋಡಿಸೋದು ಶೆಡ್ಡಿನಲ್ಲಿ ಸ್ಟ್ಯಾಂಡಿನ ಮೇಲೆ, ನೀರು ತುಂಬಿದ ಪೈಪಿನಲ್ಲಿ ಮಟ್ಟ ನೋಡಿಕೊಂಡು.

ವೆಲ್ಡಿಂಗಿಗೆ 2 ಮಿ.ಮೀ. ರಾಡು, 6013 ನಮೂನೆಯದ್ದು, 40–60 ಆಂಪಿಯರ್. 3.15 ರಾಡು ಹಾಕಿದರೆ ಪೈಪು ತೂತು ಬೀಳುತ್ತೆ. ಸಂಜೆ ವೋಲ್ಟೇಜ್ ಇಳಿದಾಗ ಆರ್ಕ್ ಅಂಟಿಕೊಳ್ಳುತ್ತೆ, ಆಗ ಆಂಪಿಯರ್ ಏರಿಸ್ತಾರೆ, ಮಧ್ಯದಲ್ಲಿ ವೋಲ್ಟೇಜ್ ವಾಪಸ್ ಬಂದರೆ ಮತ್ತೆ ತೂತು. ತೋಟದ ಮೋಟಾರು ಓಡುವಾಗ ವೆಲ್ಡಿಂಗ್ ಬೇಡ. ಮೊದಲು ಎಲ್ಲ ಉಂಗುರಕ್ಕೂ ಬರೀ ಟ್ಯಾಕ್ (ಚುಕ್ಕಿ ಬೆಸುಗೆ) ಕೊಡಿ, ಎಡಕ್ಕೊಂದು ಬಲಕ್ಕೊಂದು, ಮೇಲೊಂದು ಕೆಳಗೊಂದು. ಒಂದೇ ಬದಿ ಪೂರ್ತಿ ಮುಗಿಸಿ ಆಮೇಲೆ ಇನ್ನೊಂದು ಬದಿ ಅಂತ ಹೋದರೆ ಬಾಳೆಕಾಯಿ ಥರ ಬಗ್ಗುತ್ತೆ. ಬಗ್ಗಿದ ಮೇಲೆ ಕತ್ತರಿಸದೆ ಸರಿ ಮಾಡೋಕಾಗಲ್ಲ.

ಒಡಲು ಎರಡು ತುಂಡು ಮಾಡಿ: ಮೂತಿಯಿಂದ 3.60 ಮೀ., ಉಳಿದದ್ದು 2.84. ಜೋಡಣೆ ಜಾಗದಲ್ಲಿ ಎರಡು ಉಂಗುರ ಬೆನ್ನಿಗೆ ಬೆನ್ನು, ಎಂಟು ಎಂ10 ಬೋಲ್ಟು. ತಗಡು ಹೊದಿಸಿದ ಮೇಲೆ ಬೋಲ್ಟಿಗೆ ಕೈ ಹೋಗುತ್ತಾ ಅಂತ ಈಗಲೇ ನೋಡಿಕೊಳ್ಳಿ. ರೆಕ್ಕೆಗೆ 50 × 50 × 3 ಪೈಪು ಒಂದು ತೊಲೆ, ಒಡಲಿನಲ್ಲಿ 60 × 60 × 3 ಪೈಪಿನ ತೋಳು (ಸ್ಲೀವ್), ತೊಲೆ ಅದರೊಳಗೆ 40 ಸೆಂ.ಮೀ. ಹೋಗಬೇಕು. ತೋಳಿನ ಒಳ ಅಳತೆ 54, ಹಾಗಾಗಿ ಸುತ್ತ 2 ಮಿ.ಮೀ. ಸಡಿಲ ಇರುತ್ತೆ, ಪಟ್ಟಿ ತುರುಕಿ ಬಿಗಿ ಮಾಡಿ ಎರಡು ಎಂ12 ಬೋಲ್ಟು.

ತೂಕಲೆಕ್ಕ, ಮಡಿಕೇರಿ

ವೆಲ್ಡರ್ ಅಣ್ಣ ಹೇಳಿದ್ದರಲ್ಲಿ ಒಂದನ್ನು ಬದಲಿಸಬೇಕು: ರೆಕ್ಕೆಗೆ ಒಂದೇ ತೊಲೆ ಸಾಲದು.

ನಿಜವಾದ ಮಿಸ್ಟೇರ್ ಖಾಲಿ ಇದ್ದಾಗಲೇ 5,860 ಕೆಜಿ. ಬಯಲಲ್ಲಿ ನಿಂತರೂ ಗಾಳಿಗೆ ಅಲುಗದು. ನಿಮ್ಮದು ಎಲ್ಲ ಸೇರಿ 250 ಕೆಜಿ ಬಂದೀತು. ಗಾಳಿಯ ಒತ್ತಡ ಪ್ಯಾಸ್ಕಲ್‌ನಲ್ಲಿ 0.6 ಗುಣಿಸು ವೇಗದ ವರ್ಗ. ಸೆಕೆಂಡಿಗೆ 30 ಮೀಟರ್ (ಗಂಟೆಗೆ 108 ಕಿ.ಮೀ.) ಬೀಸು ಹಿಡಿದರೆ 540, ಅಂದರೆ ಚದರ ಮೀಟರಿಗೆ 55 ಕೆಜಿ. ರೆಕ್ಕೆ 8 ಚದರ ಮೀ. ಕೆಟ್ಟ ಕೋನದಲ್ಲಿ ಗಾಳಿ ಸಿಕ್ಕರೆ 440 ಕೆಜಿಯಷ್ಟು ಮೇಲಕ್ಕೆ ಎತ್ತುತ್ತದೆ. ಎಂಜಿನ್ ಇಲ್ಲದೆಯೇ ಹಾರುವ ವಿಮಾನ ಇದು.

ಈಗ ಒಂದು ರೆಕ್ಕೆಗೆ 220 ಕೆಜಿ, ಬುಡದಿಂದ 1.1 ಮೀ. ದೂರದಲ್ಲಿ ಎಂದಿಟ್ಟುಕೊಳ್ಳಿ. 50 × 50 × 3 ಪೈಪಿನಲ್ಲಿ ಬಾಗುವ ಒತ್ತಡ ಸುಮಾರು 285 ಮೆಗಾಪ್ಯಾಸ್ಕಲ್. ಅಂಗಡಿಯ ಸಾಮಾನ್ಯ ಪೈಪು 210ಕ್ಕೇ ಶರಣಾಗುತ್ತದೆ. ಮುಂದೊಂದು ಹಿಂದೊಂದು ಎರಡು ತೊಲೆ ಹಾಕಿದರೆ ಒಂದೊಂದಕ್ಕೆ 140ರ ಆಸುಪಾಸು, ನಿಶ್ಚಿಂತೆ. ರೆಕ್ಕೆ ತಿರುಚಿಕೊಳ್ಳುವುದೂ ನಿಲ್ಲುತ್ತದೆ. ನಾಲ್ಕು ತೊಲೆಗೆ ಹತ್ತೂವರೆ ಮೀಟರ್, 46 ಕೆಜಿ. ತೂಕ ಹೆಚ್ಚಾಯಿತೆಂದು ಬೇಸರ ಬೇಡ, ಇಲ್ಲಿ ತೂಕವೇ ಸ್ನೇಹಿತ.

ಎಡ ಬಲದ ತೋಳುಗಳು ಒಡಲೊಳಗೆ ವಿ ಆಕಾರದಲ್ಲಿ ಸೇರುತ್ತವೆ. ಆ ಮೂಲೆಗೆ ಮೇಲೆ ಕೆಳಗೆ 6 ಮಿ.ಮೀ. ತಗಡಿನ ತ್ರಿಕೋನ ಇಟ್ಟು ಬೆಸೆಯಬೇಕು. ಬರೀ ಪೈಪಿಗೆ ಪೈಪು ಬೆಸೆದರೆ ಬಿಡುವುದು ಅಲ್ಲೇ.

ಕುಶಾಲನಗರ ವೆಲ್ಡರ್

ಒಪ್ಪಿದೆ ಅಕ್ಕ. ಕೂತು ಫೋಟೊ ತೆಗೆಸಿಕೊಳ್ಳೋರ ಲೆಕ್ಕ ನಾನು ಹಾಕಿದ್ದೆ, ಗಾಳಿ ಲೆಕ್ಕ ಹಾಕಿರಲಿಲ್ಲ. ಎರಡು ತೊಲೆ ಮಾಡಿ.

ಕಣದಮನೆ

ಹಾಗಾದರೆ ಬಾಲವನ್ನು ನೈಋತ್ಯಕ್ಕೆ ಮಾಡಿ ನಿಲ್ಲಿಸಿದರೆ? ಮುಂಗಾರಿನ ಗಾಳಿ ಹಿಂದಿನಿಂದ ಬರುತ್ತದೆ, ಮೂತಿಯಲ್ಲಿ ಎಂಜಿನ್ನಿಗೆ ಗಾಳಿ ಹೋಗುವ ತೂತಿಗೆ ಮಳೆ ನುಗ್ಗುವುದಿಲ್ಲ.

ತೂಕಲೆಕ್ಕ, ಮಡಿಕೇರಿ

ಮಳೆಗೆ ಒಳ್ಳೆಯದು, ಗಾಳಿಗೆ ಕೆಟ್ಟದ್ದು. ಮುಂದಿನಿಂದ ಗಾಳಿ ಬಂದರೆ ರೆಕ್ಕೆಯ ಮುಂದಿನ ಅಂಚನ್ನು 2–3 ಡಿಗ್ರಿ ಕೆಳಗೆ ಬಾಗಿಸಿ ಕೂರಿಸಿದರೆ ಸಾಕು, ಗಾಳಿ ಅದನ್ನು ನೆಲಕ್ಕೆ ಒತ್ತುತ್ತದೆ. ಅದೇ ರೆಕ್ಕೆಗೆ ಹಿಂದಿನಿಂದ ಗಾಳಿ ಬಂದರೆ ಎತ್ತರದ ಹಿಂದಿನ ಅಂಚು ಗಾಳಿಗೆ ಮೊದಲು ಸಿಕ್ಕಿ, ಗಾಳಿ ಅಡಿಗೆ ನುಗ್ಗಿ ಎತ್ತುತ್ತದೆ. ಆದ್ದರಿಂದ ಮೂತಿ ನೈಋತ್ಯಕ್ಕೇ ಇರಲಿ. ಮೂತಿಯೊಳಗೆ 30 ಸೆಂ.ಮೀ. ಹಿಂದೆ ಕಪ್ಪು ಬಣ್ಣ ಬಳಿದ ಫೈಬರ್ ತಡೆ ಹಾಕಿ, ಅದರ ಬುಡದಲ್ಲಿ 20 ಮಿ.ಮೀ. ತೂತು ಇಟ್ಟು, ನೀರು ಪೈಪಿನಲ್ಲಿ ಮುಂದಿನ ಚಕ್ರದ ಹತ್ತಿರ ಇಳಿಯಲಿ. ತೂತಿಗೆ ಜಾಲರಿ ಬೇಕು, ಇಲ್ಲವಾದರೆ ಕಣಜ ಗೂಡು ಕಟ್ಟುತ್ತದೆ.

ಜೂನಿನಿಂದ ಸೆಪ್ಟೆಂಬರ್‌ವರೆಗೆ ರೆಕ್ಕೆಯ ಮೇಲ್ಮೈಯಲ್ಲಿ, ಮುಂದಿನಿಂದ ಕಾಲು ಭಾಗದ ಗೆರೆಗೆ, ಎರಡಿಂಚಿನ ರೀಪರು ಕಟ್ಟಿಡಿ. ರೆಕ್ಕೆಯ ಎತ್ತುವ ಗುಣವೇ ಹೋಗುತ್ತದೆ. ಕಕ್ಕಡ ತಿಂಗಳಲ್ಲಿ (ಜುಲೈ–ಆಗಸ್ಟ್) ನೋಡಲು ಬರುವವರೂ ಕಡಿಮೆ, ಅಂದ ಕೆಟ್ಟರೂ ನಡೆಯುತ್ತದೆ.

ಬುನಾದಿ: ಹಿಂದಿನ ಎರಡು ಕಾಲಿಗೆ 45 × 45 × 75 ಸೆಂ.ಮೀ. ಕಾಂಕ್ರೀಟ್, ಒಂದೊಂದು 365 ಕೆಜಿ. ಮುಂದಿನದಕ್ಕೆ 45 × 45 × 60, ಅದು 290 ಕೆಜಿ. ಪ್ರತಿಯೊಂದರಲ್ಲೂ ಎಂ16ರ ಎರಡು ಜೆ ಬೋಲ್ಟು. ಟೈರು ಅಂದಕ್ಕೆ ಮಾತ್ರ. ಕಾಲಿನ ಕೊಳವೆ ಟೈರಿನ ಹಿಂದಿನಿಂದ ನೇರ ಇಳಿದು ಬುನಾದಿಯ ತಗಡಿಗೆ ಬೋಲ್ಟಾಗಬೇಕು. ತುಂಬು ಮಣ್ಣಿನ ಮೇಲೆ, ಅಂದರೆ ಗುಡ್ಡ ಕಡಿದು ಮುಂದೆ ಸುರಿದ ಅಂಗಳದ ಅಂಚಿನಲ್ಲಿ, ಬುನಾದಿ ಬೇಡವೇ ಬೇಡ. ಹಲಸಿನ ಮರದ ಪಕ್ಕವೂ ಬೇಡ: ಹಣ್ಣು ಬೀಳುವುದೊಂದು, ಅದಕ್ಕೆ ಆನೆ ಬರುವುದೊಂದು.

ಹಳೇರೆಕ್ಕೆ

ತಗಡಿಗೆ ಬರೋಣ. 0.7 ಮಿ.ಮೀ. ಅಲ್ಯೂಮಿನಿಯಂ, 8 × 4 ಅಡಿ. ಒಟ್ಟು ಮೈ ಸುಮಾರು 32 ಚದರ ಮೀ., ಕತ್ತರಿಸಿ ಪೋಲಾಗುವುದನ್ನು ಸೇರಿಸಿ 14 ಶೀಟು. 0.5 ಅಗ್ಗ, ಆದರೆ ಒಣ ಟೊಂಗೆ ಬಿದ್ದರೂ ತಗ್ಗು.

ಒಂದೇ ದಿಕ್ಕಿಗೆ ಬಾಗುವ ಜಾಗಕ್ಕೆ ಮಾತ್ರ ತಗಡು: ಒಡಲಿನ ನಡುಭಾಗ, ರೆಕ್ಕೆ, ಬಾಲದ ಹಲಗೆಗಳು. ಮೊದಲು ಚಾರ್ಟ್ ಪೇಪರಿನಲ್ಲಿ ಸುತ್ತಿ ನೋಡಿ. ಕಾಗದ ಸುಕ್ಕಿಲ್ಲದೆ ಕೂತರೆ ತಗಡೂ ಕೂರುತ್ತದೆ. ಕಾಗದ ಸುಕ್ಕಾದರೆ ಆ ಜಾಗ ಫೈಬರಿನದು. ಹೊದಿಕೆ ಬಾಲದಿಂದ ಶುರುವಾಗಿ ಮೂತಿಗೆ ಬರಲಿ, ಮುಂದಿನ ತಗಡು ಹಿಂದಿನದರ ಮೇಲೆ 20 ಮಿ.ಮೀ. ಹತ್ತಬೇಕು. ಬದಿಯಲ್ಲಿ ಮೇಲಿನದು ಕೆಳಗಿನದರ ಮೇಲೆ. ಹೆಂಚು ಹೊದಿಸುವ ನಿಯಮವೇ.

ರಿವೆಟ್ 3.2 ಮಿ.ಮೀ. ಪಾಪ್, ತೂತು 3.3. ಇಲ್ಲೊಂದು ಮೋಸ ಇದೆ. ಅಲ್ಯೂಮಿನಿಯಂ ಪಾಪ್ ರಿವೆಟ್ ಎಂದು ಕೊಡುವುದರಲ್ಲಿ ಹೊರಮೈ ಮಾತ್ರ ಅಲ್ಯೂಮಿನಿಯಂ, ಎಳೆಯುವ ಮೊಳೆ ಕಬ್ಬಿಣದ್ದು. ಅದರ ತುಂಡು ಒಳಗೇ ಉಳಿದು ಮೊದಲ ಮಳೆಗಾಲದಲ್ಲೇ ಪ್ರತಿ ರಿವೆಟ್ಟಿನ ಕೆಳಗೂ ಕೆಂಪು ಗೆರೆ ಇಳಿಸುತ್ತದೆ. ಮೊಳೆಯೂ ಅಲ್ಯೂಮಿನಿಯಂ ಆಗಿರುವುದನ್ನೇ ಕೇಳಿ. ಅಯಸ್ಕಾಂತ ಹಿಡಿದು ನೋಡಿದರೆ ಗೊತ್ತಾಗುತ್ತದೆ.

ಅಲ್ಯೂಮಿನಿಯಂ ನೇರವಾಗಿ ಕಬ್ಬಿಣಕ್ಕೆ ತಾಗಬಾರದು. ಎರಡರ ನಡುವೆ ನೀರು ನಿಂತರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ತಿನ್ನಿಸಿಕೊಳ್ಳುತ್ತದೆ. ಚೌಕಟ್ಟಿಗೆ ಎರಡು ಕೋಟು ಎಪಾಕ್ಸಿ ಪ್ರೈಮರ್, ಅದರ ಮೇಲೆ ಬ್ಯುಟೈಲ್ ರಬ್ಬರಿನ ಅಂಟು ಟೇಪು, ಆಮೇಲೆ ತಗಡು.

ಗೋಣಿಕೊಪ್ಪ ಫೈಬರ್

ಮೂತಿಯ ಉಂಗುರ, ರೆಕ್ಕೆಯ ತುದಿಗಳು, ರೆಕ್ಕೆ ಒಡಲು ಸೇರುವ ಜಾಗ, ಬಾಲದ ಕೊನೆ, ಎಲ್ಲ ಸೇರಿ 5 ಚದರ ಮೀಟರ್ ಫೈಬರ್. ಗಾಜಿನ ನಾರಿನ ಮ್ಯಾಟ್, ಚದರ ಮೀಟರಿಗೆ 300 ಗ್ರಾಂನದ್ದು ಒಂದು ಪದರ, 450 ಗ್ರಾಂನದ್ದು ಎರಡು ಪದರ: ಮ್ಯಾಟ್ 6 ಕೆಜಿ, ಪಾಲಿಯೆಸ್ಟರ್ ರೆಸಿನ್ 15 ಕೆಜಿ.

ಅಚ್ಚಿಗೆ ಥರ್ಮೊಕೋಲ್ ಕೆತ್ತುವುದು ಸುಲಭ, ಆದರೆ ಪಾಲಿಯೆಸ್ಟರ್ ರೆಸಿನ್ ತಾಗಿದರೆ ಥರ್ಮೊಕೋಲ್ ಕರಗಿ ಗುಂಡಿ ಬೀಳುತ್ತದೆ. ಮೇಲೆ ಪ್ಲಾಸ್ಟರ್ ಬಳಿದು, ಒಣಗಿಸಿ, ಉಜ್ಜಿ, ಬಣ್ಣ ಹೊಡೆದು, ಮೇಣ ನಾಲ್ಕು ಸಲ ಹಚ್ಚಿ, ಅಚ್ಚಿಗೆ ಅಂಟದಂತೆ ಪಿವಿಎ ದ್ರಾವಣ ಬಳಿದು ಆಮೇಲೆ ರೆಸಿನ್. ಪ್ಲಾಸ್ಟರಿನಲ್ಲಿ ಸೂಜಿಮೊನೆಯಷ್ಟು ತೂತು ಉಳಿದರೂ ರೆಸಿನ್ ಅದನ್ನು ಹುಡುಕಿಕೊಂಡು ಹೋಗುತ್ತದೆ.

ಬೆರೆಸುವ ಕ್ರಮ ಕಣ್ಣಿಟ್ಟು ಓದಿ. ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕೋಬಾಲ್ಟನ್ನು ಮೊದಲು ರೆಸಿನ್ನಿಗೆ ಹಾಕಿ ಚೆನ್ನಾಗಿ ಕಲಸಬೇಕು. ಗಟ್ಟಿಯಾಗಿಸುವ ಎಂಇಕೆಪಿ ಕೊನೆಗೆ, ಕೆಜಿಗೆ 15 ಮಿ.ಲೀ. ಕೋಬಾಲ್ಟ್ ಮತ್ತು ಎಂಇಕೆಪಿ ನೇರವಾಗಿ ಒಂದಕ್ಕೊಂದು ಸೇರಿದರೆ ಬೆಂಕಿ, ಸ್ಫೋಟ. ಎರಡಕ್ಕೂ ಬೇರೆ ಕಪಾಟು, ಬೇರೆ ಅಳತೆ ಲೋಟ. ಕಣ್ಣಿಗೆ ಕನ್ನಡಕ ಕಡ್ಡಾಯ. ಎಂಇಕೆಪಿ ಒಂದು ಹನಿ ಸಾಕು ದೃಷ್ಟಿ ಹೋಗಲು. ಒಂದು ಸಲಕ್ಕೆ ಅರ್ಧ ಕೆಜಿಗಿಂತ ಹೆಚ್ಚು ಕಲಸಬೇಡಿ, ಡಬ್ಬದಲ್ಲೇ ಕುದಿದು ಗಟ್ಟಿಯಾಗುತ್ತದೆ.

ಮಳೆಗಾಲದಲ್ಲಿ ಫೈಬರ್ ಕೆಲಸ ಇಲ್ಲ. ಮ್ಯಾಟ್ ತೇವ ಹೀರಿಕೊಂಡರೆ ಬೆಳ್ಳಗೆ ಉಳಿಯುತ್ತದೆ, ಪದರ ಬಿಡುತ್ತದೆ. ಜನವರಿಯ ಬೆಳಗ್ಗೆಯೂ ಬೇಡ, 15 ಡಿಗ್ರಿಗಿಂತ ಕೆಳಗೆ ರೆಸಿನ್ ಅಂಟಂಟಾಗಿಯೇ ಇರುತ್ತದೆ. ಗಟ್ಟಿಯಾಗುತ್ತಿಲ್ಲವೆಂದು ಎಂಇಕೆಪಿ ಎರಡರಷ್ಟು ಸುರಿದರೆ ಬಿರುಕು. ಹನ್ನೊಂದರಿಂದ ಮೂರರವರೆಗೆ ಬಿಸಿಲಿನ ಹೊತ್ತು, ನೆರಳಿನಲ್ಲಿ.

ಕಣದಮನೆ

ಪೈಲಟ್ ಕೂರುವ ಜಾಗದ ಗಾಜು? ಇನ್ನೊಂದು, ಮಕ್ಕಳು ಕೇಳುತ್ತಿದ್ದಾರೆ: ಹಾರಿಸಲು ಸಾಧ್ಯವೇ ಇಲ್ಲವೇ ಎಂದು.

ಹಳೇರೆಕ್ಕೆ

ಸಾಧ್ಯವಿಲ್ಲ. ಕಬ್ಬಿಣದ ಪಟ್ಟಿಯ ಉಂಗುರ ಹಾಕಿದ ದಿನವೇ ಆ ಮಾತು ಮುಗಿಯಿತು. ಮನುಷ್ಯರನ್ನು ಹೊತ್ತು ಹಾರುವುದಕ್ಕೆ ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ನೋಂದಣಿ, ಪರೀಕ್ಷೆ ಎಲ್ಲ ಬೇಕು, ಅದು ಬೇರೆಯೇ ವಿದ್ಯೆ.

ಗಾಜಿಗೆ 3 ಮಿ.ಮೀ. ಅಕ್ರಿಲಿಕ್. ಮುಂದಿನದು ಚಪ್ಪಟೆ ತುಂಡುಗಳು, ಸುಲಭ. ಹಿಂದಿನ ಗುಮ್ಮಟಕ್ಕೆ ಅಚ್ಚಿನ ಮೇಲೆ ದಪ್ಪ ಫ್ಲಾನೆಲ್ ಬಟ್ಟೆ ಹೊದಿಸಿ, ಅಕ್ರಿಲಿಕ್ಕನ್ನು 150–160 ಡಿಗ್ರಿಗೆ ಸಮನಾಗಿ ಕಾಯಿಸಿ, ಮೆತ್ತಗಾದಾಗ ಮೇಲೆ ಇಳಿಬಿಡಬೇಕು. ಬಟ್ಟೆ ಇಲ್ಲದಿದ್ದರೆ ಅಚ್ಚಿನ ಒಂದೊಂದು ಗೀರೂ ಗಾಜಿನ ಮೇಲೆ ಮೂಡುತ್ತದೆ. ಗ್ಯಾಸ್ ಬರ್ನರಿನಲ್ಲಿ ಕಾಯಿಸಿದರೆ ಗುಳ್ಳೆ ಏಳುತ್ತದೆ. ಬೇಕರಿಯವರ ಓವನ್ ಕೇಳಿ ನೋಡಿ, ಬನ್ನಿನ ಘಮಕ್ಕೆ ಈ ಘಾಟು ಸೇರುವುದಕ್ಕೆ ಒಪ್ಪಿದರೆ. 3 ಮಿ.ಮೀ. ಸ್ಕ್ರೂಗೆ ತೂತು 4.5 ಇರಲಿ, ಬಿಸಿಲಿಗೆ ಹಿಗ್ಗಲು ಜಾಗ ಬೇಕು. ಥಿನ್ನರ್, ಪೆಟ್ರೋಲಿನಲ್ಲಿ ಒರೆಸಿದರೆ ಜೇಡರಬಲೆಯಂತೆ ಬಿರುಕು; ಸೋಪಿನ ನೀರೇ ಸಾಕು.

ಬಣ್ಣ: ಆ ಕಾಲದ ಮಿಸ್ಟೇರ್‌ಗಳಿಗೆ ಬರಿಯ ಲೋಹದ ಬೆಳ್ಳಿ ಮೈ ಇತ್ತು, ಯುದ್ಧದ ಹೊತ್ತಿಗೆ ಹಲವಕ್ಕೆ ಹಸಿರು ಮರೆಬಣ್ಣ ಬಳಿದರು. ಬೆಳ್ಳಿಯೇ ಮಾಡಿ, ತಗಡು ತನ್ನ ಬಣ್ಣದಲ್ಲೇ ಇರಲಿ. ಫೈಬರ್ ಭಾಗಕ್ಕೆ ಮಾತ್ರ ಹೊಂದುವ ಬೆಳ್ಳಿಯ ಪಿಯು (ಪಾಲಿಯುರೆಥೇನ್) ಬಣ್ಣ. ತಗಡಿನ ಮೇಲೆ ಚಿಹ್ನೆ ಬರೆಯುವಲ್ಲಿ ಲೋಹಕ್ಕೆ ಕಚ್ಚಿಕೊಳ್ಳುವ ಎಚ್ (etch) ಪ್ರೈಮರ್ ಬೇಕು, ರೆಡ್ ಆಕ್ಸೈಡ್ ಮೇಲೆ ಬರೆದದ್ದು ಸಿಪ್ಪೆಯಂತೆ ಏಳುತ್ತದೆ. ವೃತ್ತದ ಚಿಹ್ನೆಯಲ್ಲಿ ಕೇಸರಿ ಹೊರಗೆ, ಹಸಿರು ನಡುವೆ. ತಿರುಗಿಸಿ ಬರೆದವರು ಬಹಳ. ಸಂಖ್ಯೆ ಐಎ ಅಕ್ಷರಗಳಿಂದ ಶುರುವಾಗುತ್ತದೆ. ದೇವಯ್ಯನವರ ವಿಮಾನದ್ದೆಂದು ಎಲ್ಲೋ ಕಂಡ ಸಂಖ್ಯೆಯನ್ನು ಬರೆಯಬೇಡಿ, ಫೋಟೊದ ಆಧಾರ ಇರುವುದನ್ನೇ ಬರೆಯಿರಿ. ಅವರ ಮಹಾವೀರ ಚಕ್ರವೇ 23 ವರ್ಷ ತಡವಾಗಿ, 1988ರಲ್ಲಿ ಬಂತು. ಸಂಖ್ಯೆ ಒಂದಿಷ್ಟು ತಡವಾದರೆ ತೊಂದರೆಯಿಲ್ಲ.

ತೂಕಲೆಕ್ಕ, ಮಡಿಕೇರಿ

ಕಾಲದ ಲೆಕ್ಕ ಯಾರೂ ಹಾಕಲಿಲ್ಲ. ಕಣ ಖಾಲಿಯಾಗುವುದು ರೊಬಸ್ಟಾ ಒಣಗಿದ ಮೇಲೆ, ಏಪ್ರಿಲ್‌ಗೆ. ಏಪ್ರಿಲ್, ಮೇ ಬರೆಯುವುದಕ್ಕೆ, ಕತ್ತರಿಸುವುದಕ್ಕೆ. ಮಳೆ ಹಿಡಿದ ಮೇಲೆ ಶೆಡ್ಡಿನಲ್ಲಿ ವೆಲ್ಡಿಂಗ್. ಬೆಸೆದ ದಿನವೇ ಪ್ರೈಮರ್ ಬೀಳಬೇಕು, ಜುಲೈಯಲ್ಲಿ ಒಂದು ರಾತ್ರಿ ಬಿಟ್ಟರೆ ಬೆಳಗ್ಗೆ ತುಕ್ಕು. ಅಕ್ಟೋಬರ್, ನವೆಂಬರ್ ತಗಡು. ಅರೇಬಿಕಾ ಕಣಕ್ಕೆ ಬರುವಷ್ಟರಲ್ಲಿ ಕಣ ತೊಳೆದು ಬಿಟ್ಟುಕೊಡಿ, ಲೋಹದ ಪುಡಿ ಒಂದೂ ಉಳಿಯದಂತೆ. ಜನವರಿ ಫೈಬರ್, ಫೆಬ್ರವರಿಯಲ್ಲಿ ಬಣ್ಣ, ಹೂಮಳೆಗೆ ಮೊದಲು. ಬರುವ ಸೆಪ್ಟೆಂಬರ್ 7 ಸಾಧ್ಯವಿಲ್ಲ, ಅದರ ಮುಂದಿನದು.

ಕಣದಮನೆ

ಸರಿ, ಪೈಪು ಪಟ್ಟಿಗೆ ಆರ್ಡರ್ ಕೊಡುತ್ತಿದ್ದೇನೆ. ಚೌಕ ಕೊಳವೆಗಳ ತುದಿ ಮುಚ್ಚಬೇಕೇ, ತೆರೆದಿರಲೇ?

ಕುಶಾಲನಗರ ವೆಲ್ಡರ್

ಮುಚ್ಚಿ, ತಗಡು ಬೆಸೆದು. ಆದರೆ ಪೂರ್ತಿ ಮುಚ್ಚಿದೆ ಅಂತ ನಂಬಬೇಡಿ, ಎಲ್ಲೋ ಒಂದು ಸೂಜಿತೂತು ಇದ್ದೇ ಇರುತ್ತೆ, ನೀರು ಹೋಗುತ್ತೆ, ಬರಲ್ಲ. ವಿಮಾನ ನಿಂತ ಮೇಲೆ ಪ್ರತಿ ಪೈಪಿನ ಅತಿ ತಗ್ಗಿನ ಜಾಗ ಯಾವುದು ಅಂತ ನೋಡಿ, ಅಲ್ಲಿ 6 ಮಿ.ಮೀ. ತೂತು. ರೆಕ್ಕೆಯ ತಗಡಿಗೂ ಹಿಂದಿನ ಅಂಚಿನಲ್ಲಲ್ಲ, ಮುಂದಿನ ಅಂಚಿನ ಬುಡದಲ್ಲಿ. ಅಕ್ಕ ಹೇಳಿದ ಹಾಗೆ ಮುಂದಕ್ಕೆ ಬಾಗಿಸಿದರೆ ನೀರು ನಿಲ್ಲೋದು ಅಲ್ಲೇ.